ಐದಕ್ಕೆ ಮೂರು ಹೆಸರು

ಗಾಲ್ಫ್‌ನಲ್ಲಿ ಐದು ಹೊಡೆತ ಅಂದರೆ ಒಳ್ಳೆಯದಾ, ಕೆಟ್ಟದ್ದಾ? ಇಷ್ಟೇ ಕೇಳಿದರೆ ಯಾರೂ ಉತ್ತರ ಹೇಳಲಾರರು. ಶುರುವಿನ ಜಾಗದಿಂದ ಚೆಂಡನ್ನು ಗುಂಡಿಗೆ ಹಾಕುವ ತನಕದ ಒಂದೊಂದು ಹಂತವೂ ಒಂದು ಹೋಲ್. ಮೂರರಲ್ಲಿ ಮುಗಿಸಬೇಕಾದ ಹೋಲ್‌ನಲ್ಲಿ ಐದಾದರೆ ಅದು ಡಬಲ್ ಬೋಗಿ. ಆಡಿದವನು ಯಾರ ಮುಖವನ್ನೂ ನೋಡದೆ ಮುಂದಿನ ಟೀ ಕಡೆ, ಅಂದರೆ ಮುಂದಿನ ಹೋಲ್ ಶುರುವಾಗುವ ಜಾಗದ ಕಡೆ, ನಡೆಯುತ್ತಾನೆ. ನಾಲ್ಕರ ಹೋಲ್‌ನಲ್ಲಿ ಅದೇ ಐದು ಬರೀ ಬೋಗಿ. ಸ್ವಲ್ಪ ಬೇಜಾರು, ಅಷ್ಟೆ. ಐದರ ಹೋಲ್‌ನಲ್ಲಿ ಐದಾದರೆ ಪಾರ್. ಏನೂ ಆಗಿಲ್ಲ ಎನ್ನುವ ಹಾಗೆ ಕಾರ್ಡಿನಲ್ಲಿ ಬರೆದು ಪೆನ್ಸಿಲ್ ಜೇಬಿಗಿಡುತ್ತಾನೆ. ಮೂರೂ ಕಡೆ ಅವನು ಹೊಡೆದದ್ದು ಐದೇ. ದಿನದ ಕೊನೆಗೆ ಕೂಡಿಸುವಾಗಲೂ ಮೂರೂ ಐದೈದೇ. ಆದರೆ ಮೂರಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಮುಖ.

ಈ ಆಟದ ಮಾತುಗಳನ್ನು ಕಲಿಯಲು ಶುರು ಮಾಡಿದಾಗಿನಿಂದ ನನ್ನ ತಲೆಯಲ್ಲಿ ಇದೊಂದು ವಿಷಯ ಕೂತುಬಿಟ್ಟಿದೆ. ಹೊಡೆತ ಎಣಿಸಿ ಆಡುವ ಸ್ಟ್ರೋಕ್ ಪ್ಲೇಯಲ್ಲಿ ಗೆಲ್ಲುವುದು ಒಟ್ಟು ಹೊಡೆತ ಕಡಿಮೆ ಇರುವವರು. ನಿಯಮ ಅಷ್ಟೇ. ಗೆದ್ದವರು ಯಾರು ಅಂತ ತಿಳಿಯಲು ಪಾರ್ ಬೇಕಾಗಿಯೇ ಇಲ್ಲ. ಆದರೂ ಕಾಮೆಂಟರಿಯಲ್ಲಿ, ಕ್ಲಬ್ ಹೌಸಿನ ಹರಟೆಯಲ್ಲಿ, ಆಟಗಾರನ ಮನಸ್ಸಿನಲ್ಲಿ ಓಡುವುದೆಲ್ಲ ಪಾರ್ ಮತ್ತು ಅದರಿಂದ ಎಷ್ಟು ದೂರ ಅನ್ನುವ ಮಾತೇ. ಬರ್ಡಿ (ಪಾರ್‌ಗಿಂತ ಒಂದು ಕಡಿಮೆ), ಈಗಲ್ (ಎರಡು ಕಡಿಮೆ), ಬೋಗಿ (ಒಂದು ಜಾಸ್ತಿ), ಯಾವುದೂ ಹೊಡೆತದ ಹೆಸರಲ್ಲ. ಬೇರೆ ಯಾರೋ ನಮ್ಮಿಂದ ಎಷ್ಟು ನಿರೀಕ್ಷೆ ಮಾಡಿದ್ದರೋ, ಅದಕ್ಕೂ ನಾವು ಮಾಡಿದ್ದಕ್ಕೂ ನಡುವಿನ ಅಂತರದ ಹೆಸರು.

ಆ ನಿರೀಕ್ಷೆ ಯಾರದ್ದು

ಪಾರ್ ಹಾಕುವ ರೀತಿ ಕೇಳಲು ಸರಳ. ಚೆನ್ನಾಗಿ ಆಡುವವನೊಬ್ಬ ಗ್ರೀನ್, ಅಂದರೆ ಗುಂಡಿಯ ಸುತ್ತ ಹುಲ್ಲನ್ನು ತೀರಾ ಸಣ್ಣಗೆ ಕತ್ತರಿಸಿದ ಜಾಗ, ಮುಟ್ಟಲು ಎಷ್ಟು ಹೊಡೆತ ಬೇಕು? ಅದಕ್ಕೆ ಎರಡು ಪಟ್, ಅಂದರೆ ಗ್ರೀನ್ ಮೇಲೆ ಚೆಂಡನ್ನು ಗುಂಡಿ ಕಡೆ ಉರುಳಿಸುವ ಹೊಡೆತ, ಸೇರಿಸಿ. ಒಂದೇ ಹೊಡೆತದಲ್ಲಿ ಗ್ರೀನ್ ಸಿಗುವಷ್ಟು ಹತ್ತಿರವಿದ್ದರೆ ಪಾರ್ 3, ಎರಡು ಬೇಕಿದ್ದರೆ ಪಾರ್ 4, ಮೂರು ಬೇಕಿದ್ದರೆ ಪಾರ್ 5. ಟಿವಿಯಲ್ಲಿ ಆಗಾಗ ಬರುವ ‘ಗ್ರೀನ್ ಇನ್ ರೆಗ್ಯುಲೇಷನ್’ ಅನ್ನುವುದೂ ಇದೇ ಲೆಕ್ಕ. ಪಾರ್‌ನಲ್ಲಿ ಎರಡು ಕಳೆದು ಉಳಿದಷ್ಟು ಹೊಡೆತದೊಳಗೆ ಗ್ರೀನ್ ಮೇಲೆ ಬಂದಿದ್ದೀರಿ, ಪಟ್ ಮಾಡಲು ಎರಡು ಅವಕಾಶ ಕೈಯಲ್ಲಿದೆ ಅಂತ ಅರ್ಥ. ಮುಖ್ಯವಾಗಿ ಉದ್ದ ನೋಡಿ ಹಾಕುವ ಅಂಕಿ ಇದು. ಹಾಗಾಗಿ ಸುಲಭದ ಪಾರ್ 5 ಇರುತ್ತದೆ, ಪ್ರಾಣ ತೆಗೆಯುವ ಪಾರ್ 3 ಇರುತ್ತದೆ. ವೃತ್ತಿಪರರು ಪಾರ್ 5 ಬಂತೆಂದರೆ ಬರ್ಡಿ ಬಂದೇ ಬಿಡಬೇಕು ಅನ್ನುವ ಹಾಗೆ ಆಡುತ್ತಾರೆ. ಅಲ್ಲಿ ಐದು ಹೊಡೆದರೆ ಹೆಸರು ಪಾರ್ ಆದರೂ ಮುಖ ಬೋಗಿಯದ್ದೇ.

ಈ ಮಾತು ಗಾಲ್ಫ್‌ಗೆ ಬಂದದ್ದು ಷೇರು ಪೇಟೆಯಿಂದ. ಅಲ್ಲಿ ಒಂದು ಷೇರಿನ ಮೂಲ ಬೆಲೆಯ ಮೇಲೆ, ಕೆಳಗೆ ಅಂತ ಹೇಳಲು ಇದನ್ನು ಬಳಸುತ್ತಿದ್ದರು. 1870ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ಓಪನ್ ಚಾಂಪಿಯನ್‌ಷಿಪ್. ಡೋಲ್‌ಮನ್ ಎಂಬ ಗಾಲ್ಫ್ ಬರಹಗಾರ ಇಬ್ಬರು ಆಟಗಾರರನ್ನು, ಡೇವಿ ಸ್ಟ್ರಾತ್ ಮತ್ತು ಜೇಮಿ ಆಂಡರ್ಸನ್ ಅವರನ್ನು, ಗೆಲ್ಲಬೇಕಾದರೆ ಎಷ್ಟು ಹೊಡೆಯಬೇಕು ಅಂತ ಕೇಳಿದ. ತಪ್ಪೇ ಇಲ್ಲದೆ ಆಡಿದರೆ ಹನ್ನೆರಡು ಹೋಲ್‌ಗೆ 49 ಅಂದರು ಅವರು. ಆಗ ಪ್ರೆಸ್ಟ್‌ವಿಕ್‌ನಲ್ಲಿ ಇದ್ದದ್ದು ಹನ್ನೆರಡೇ ಹೋಲ್. ಡೋಲ್‌ಮನ್ ಆ 49ನ್ನು ಪಾರ್ ಅಂದ. ಮೂರು ಸುತ್ತಿಗೆ 147. ಯಂಗ್ ಟಾಮ್ ಮೋರಿಸ್ 149ರಲ್ಲಿ ಮುಗಿಸಿ ಗೆದ್ದ, ‘ಪಾರ್‌ಗಿಂತ ಎರಡು ಜಾಸ್ತಿ’ ಅಂತ ಡೋಲ್‌ಮನ್ ಲೆಕ್ಕ ಹಾಕಿದ. ಅಂದರೆ ಮೊದಲ ಪಾರ್ ಅನ್ನುವುದು ಆಟಕ್ಕೆ ಮುಂಚೆ ಇಬ್ಬರು ಆಟಗಾರರು ಮಾಡಿದ ಒಂದು ಊಹೆ. ಅದನ್ನು ಬರೆದುಕೊಂಡವನು ಒಬ್ಬ ಬರಹಗಾರ. ಟಾಮ್ ಅಂದು ಸತತ ಮೂರನೇ ಸಲ ಗೆದ್ದು ಬಹುಮಾನದ ಬೆಲ್ಟನ್ನು ತನ್ನದಾಗಿಯೇ ಮಾಡಿಕೊಂಡ. ಅವನ ಲೆಕ್ಕಕ್ಕೆ ಆ 147 ಯಾವ ಕೆಲಸಕ್ಕೂ ಬರಲಿಲ್ಲ.

ಬೋಗಿಯ ಕಥೆ ಇನ್ನೂ ಮಜವಾಗಿದೆ. ಇವತ್ತು ಅದು ಬೇಡವಾದ ಅಂಕ. ಆದರೆ 1890ರ ದಶಕದ ಇಂಗ್ಲೆಂಡಿನಲ್ಲಿ ಅದೇ ಒಳ್ಳೆಯ ಅಂಕವಾಗಿತ್ತು. ಕವೆಂಟ್ರಿಯ ಹ್ಯೂ ರಾದರಮ್ ಎಂಬವರು ಪ್ರತಿ ಹೋಲ್‌ಗೂ ಒಂದು ‘ಗ್ರೌಂಡ್ ಸ್ಕೋರ್’ ಇಟ್ಟು, ಆಟಗಾರ ಅದರ ವಿರುದ್ಧ ಆಡುವ ಪದ್ಧತಿ ತಂದರು. ಎದುರಾಳಿ ಕಣ್ಣಿಗೆ ಕಾಣುವುದಿಲ್ಲ, ಎಂದೂ ತಪ್ಪುವುದಿಲ್ಲ, ಸುಸ್ತಾಗುವುದೂ ಇಲ್ಲ. ಆ ಕಾಲಕ್ಕೆ ಜನಪ್ರಿಯವಾಗಿದ್ದ ಒಂದು ಹಾಡಿನಲ್ಲಿ ಬರುವ ಗುಮ್ಮನ ಹೆಸರನ್ನೇ ಜನ ಅವನಿಗೆ ಇಟ್ಟರು. ಸೇನೆಯವರ ಒಂದು ಕ್ಲಬ್ಬಿನಲ್ಲಿ ಸದಸ್ಯರಿಗೆಲ್ಲ ಏನಾದರೊಂದು ಹುದ್ದೆ ಇರಲೇಬೇಕಿತ್ತು. ಹಾಗಾಗಿ ಈ ಕಾಣದ ಆಟಗಾರನಿಗೂ ಬಡ್ತಿ ಕೊಟ್ಟು ಕರ್ನಲ್ ಬೋಗಿ ಮಾಡಿದರು! ಆಮೇಲೆ ಆಟಗಾರರು ಸುಧಾರಿಸಿದರು, ಚೆಂಡು ಸುಧಾರಿಸಿತು, ಅಮೆರಿಕದಲ್ಲಿ ಪಾರ್ ಅನ್ನುವ ಬಿಗಿಯಾದ ಅಳತೆ ಊರಿಕೊಂಡಿತು. ಹಳೆಯ ಬೋಗಿ ಅಂಕ ಎಷ್ಟೋ ಹೋಲ್‌ಗಳಲ್ಲಿ ಪಾರ್‌ಗಿಂತ ಒಂದು ಜಾಸ್ತಿ ಇತ್ತು. ಹಾಗಾಗಿ ಬೋಗಿ ಅಂದರೆ ಪಾರ್‌ಗಿಂತ ಒಂದು ಜಾಸ್ತಿ ಅಂತಲೇ ಆಗಿಹೋಯಿತು. ಪಾಪ ಕರ್ನಲ್. ಅವನು ಆಟ ಕೆಡಿಸಿಕೊಳ್ಳಲಿಲ್ಲ, ಸುತ್ತಲಿನವರು ಮುಂದೆ ಹೋದರು.

ಹಕ್ಕಿಗಳ ಹೆಸರು ಶುರುವಾದದ್ದು ಅಮೆರಿಕದಲ್ಲಿ. ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಅಟ್ಲಾಂಟಿಕ್ ಸಿಟಿಯ ಒಂದು ಕ್ಲಬ್ಬಿನಲ್ಲಿ ಏಬ್ ಸ್ಮಿತ್ ಎಂಬ ಆಟಗಾರನ ಚೆಂಡು ಗುಂಡಿಯಿಂದ ಕೆಲವೇ ಇಂಚು ದೂರದಲ್ಲಿ ನಿಂತಿತಂತೆ. ಅಲ್ಲಿನ ಆಡುಮಾತಿನಲ್ಲಿ ಸೊಗಸಾದದ್ದನ್ನೆಲ್ಲ ಹಕ್ಕಿ ಅನ್ನುತ್ತಿದ್ದರು. ಅವನೂ ತನ್ನ ಹೊಡೆತವನ್ನು ಹಕ್ಕಿ ಅಂದ. ಪಾರ್‌ಗಿಂತ ಒಂದು ಕಡಿಮೆ ಹೊಡೆದರೆ ಪಂದ್ಯದ ಹಣ ಎರಡರಷ್ಟು ಅಂತ ಗೆಳೆಯರು ಮಾತಾಡಿಕೊಂಡರು. ಒಂದು ಹಕ್ಕಿ ಬಂದ ಮೇಲೆ ದೊಡ್ಡ ಹಕ್ಕಿಗಳೂ ಬಂದವು. ಎರಡು ಕಡಿಮೆಯಾದರೆ ಈಗಲ್, ಮೂರಾದರೆ ಆಲ್ಬಟ್ರಾಸ್, ನಾಲ್ಕಾದರೆ ಕಾಂಡೋರ್. ಕಾಂಡೋರ್ ಅಂದರೆ ಪಾರ್ 5 ಹೋಲನ್ನು ಒಂದೇ ಹೊಡೆತಕ್ಕೆ ಮುಗಿಸಿದ ಹಾಗೆ. ನಾವು ನೀವು ಅದರ ಚಿಂತೆ ಬಿಡಬಹುದು. ಪಾರ್ 3ರಲ್ಲಿ ಒಂದೇ ಹೊಡೆತಕ್ಕೆ ಚೆಂಡು ಗುಂಡಿಗೆ ಬಿದ್ದರೆ ಲೆಕ್ಕದ ಪ್ರಕಾರ ಅದೂ ಈಗಲ್ಲೇ. ಆದರೆ ‘ನಾನೊಂದು ಈಗಲ್ ಹೊಡೆದೆ’ ಅಂತ ಯಾರೂ ಹೇಳುವುದಿಲ್ಲ. ಹೋಲ್ ಇನ್ ವನ್ ಅಂತಲೇ ಹೇಳುತ್ತಾರೆ. ಅಲ್ಲಿ ಮಾತ್ರ ಪಾರ್ ಬದಿಗೆ ಸರಿದು ನಿಜವಾದ ಅಂಕಿ ಮುಂದೆ ಬರುತ್ತದೆ. ನನಗೆ ಈ ಅಪವಾದ ತುಂಬಾ ಇಷ್ಟ.

ಮೈನಸ್ ಹದಿನೈದು

2021ರ ಆಗಸ್ಟ್ 7ರ ಬೆಳಗ್ಗೆ ನೆನಪಿದೆಯಲ್ವಾ? ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ಗಾಲ್ಫ್, ಕೊನೆಯ ಸುತ್ತು. ಅದಿತಿ ಅಶೋಕ್ ಪದಕದ ಹತ್ತಿರ ಇದ್ದಾರೆ ಅಂತ ಗೊತ್ತಾದ ಮೇಲೆ, ಜೀವಮಾನದಲ್ಲಿ ಗಾಲ್ಫ್ ನೋಡದವರೂ ಟಿವಿ ಮುಂದೆ ಕೂತಿದ್ದರು. ನನ್ನ ಸೋದರಮಾವನೂ ಅವರಲ್ಲಿ ಒಬ್ಬರು. ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಇಲ್ಲ ಅನ್ನುವವರು. ಪರದೆಯ ಮೇಲೆ ಅದಿತಿಯ ಹೆಸರಿನ ಮುಂದೆ ಮೈನಸ್ ಗುರುತು ನೋಡಿ, ‘ಏನೋ ಇದು, ಮೈನಸ್‌ನಲ್ಲಿ ಇದ್ದಾಳಲ್ಲೋ, ಸೋಲ್ತಾ ಇದ್ದಾಳಾ?’ ಅಂದರು. ‘ಇಲ್ಲ ಮಾವ, ಮೈನಸ್ ಜಾಸ್ತಿ ಇದ್ದಷ್ಟೂ ಒಳ್ಳೆಯದು’ ಅಂದೆ. ‘ಹಾಗಾದ್ರೆ ಎಷ್ಟು ಹೊಡೆದಿದ್ದಾಳೆ ಅಂತ ಯಾಕೆ ತೋರಿಸಲ್ಲ?’ ಅಂತ ಕೇಳಿದರು. ನಾನು ಪಾರ್ ಬಗ್ಗೆ ಹೇಳಲು ಹೋದೆ. ಅವರು ಕೇಳಿಸಿಕೊಳ್ಳಲಿಲ್ಲ. ಅಷ್ಟು ಹೊತ್ತಿಗೆ ಅವರಿಗೆ ಬರ್ಡಿ ಅಂದರೆ ಚಪ್ಪಾಳೆ, ಬೋಗಿ ಅಂದರೆ ಅಯ್ಯೋ ಅನ್ನುವುದು ತಿಳಿದುಬಿಟ್ಟಿತ್ತು. ಅಷ್ಟು ಸಾಕಾಗಿತ್ತು. ನಡುವೆ ಮಳೆ ಗುಡುಗಿಗೆ ಆಟ ನಿಂತಿತು. ಪೂರ್ತಿ ಆಗದಿದ್ದರೆ ಏನು ಗತಿ ಅಂತ ಅವರೇ ಲೆಕ್ಕ ಹಾಕುತ್ತಾ ಕೂತರು. ಕೊನೆಯ ಹೋಲ್‌ನಲ್ಲಿ ಅದಿತಿಗೆ ದೂರದ ಒಂದು ಬರ್ಡಿ ಪಟ್ ಇತ್ತು. ಅದು ಬೀಳಲಿಲ್ಲ. ಮಾವ ಎದ್ದು ಒಳಗೆ ಹೋದರು.

ಆ ದಿನದ ಅಂಕಗಳನ್ನು ಹೊಡೆತದ ಲೆಕ್ಕದಲ್ಲಿ ಬರೆದರೆ ಹೀಗೆ: ನೆಲ್ಲಿ ಕೊರ್ಡಾ 267, ಮೋನೆ ಇನಾಮಿ ಮತ್ತು ಲಿಡಿಯಾ ಕೋ 268, ಅದಿತಿ 269. ನಾಲ್ಕು ದಿನ, 72 ಹೋಲ್, ಇಷ್ಟೆಲ್ಲ ಆದ ಮೇಲೆ ಪದಕಕ್ಕೆ ಒಂದೇ ಒಂದು ಹೊಡೆತ ದೂರ. ಪರದೆಯ ಮೇಲೆ ಇದ್ದದ್ದು ಮೈನಸ್ 17, 16, 15. ಮಾವ ಕೇಳಿದ್ದು ತಪ್ಪು ಪ್ರಶ್ನೆ ಏನಲ್ಲ. 1960ಕ್ಕೆ ಮುಂಚೆ ಕೇಳಿದ್ದರೆ ಅವರಿಗೆ ಬೇಕಾದ ಉತ್ತರವೇ ಸಿಗುತ್ತಿತ್ತು. ಆಗೆಲ್ಲ ಫಲಕದ ಮೇಲೆ ಒಟ್ಟು ಹೊಡೆತಗಳನ್ನೇ ಬರೆಯುತ್ತಿದ್ದರು. ಅದರಲ್ಲೊಂದು ತೊಂದರೆ ಇತ್ತು. ಒಬ್ಬ ಹದಿನಾಲ್ಕನೇ ಹೋಲ್‌ನಲ್ಲಿ, ಇನ್ನೊಬ್ಬ ಒಂಬತ್ತನೇ ಹೋಲ್‌ನಲ್ಲಿ ಇದ್ದಾಗ ಯಾರು ಮುಂದೆ ಅಂತ ಒಟ್ಟು ಹೊಡೆತ ನೋಡಿ ಹೇಳಲು ಆಗುವುದಿಲ್ಲ. ಅಮೆರಿಕದ ಸಿಬಿಎಸ್ ಟಿವಿಯ ನಿರ್ಮಾಪಕ ಫ್ರಾಂಕ್ ಚಿರ್ಕಿನಿಯನ್ ಇದಕ್ಕೊಂದು ದಾರಿ ಹುಡುಕಿದರು. ಪ್ರತಿಯೊಬ್ಬರೂ ತಾವು ಇರುವ ಹೋಲ್‌ವರೆಗೆ ಪಾರ್‌ಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅಂತ ತೋರಿಸಿದರೆ ಸಾಕು. 1960ರ ಮಾಸ್ಟರ್ಸ್ ಟೂರ್ನಿಯಿಂದ ಕಡಿಮೆ ಇದ್ದದ್ದು ಕೆಂಪು ಅಂಕಿ, ಹೆಚ್ಚಿದ್ದದ್ದು ಹಸಿರು ಅಂಕಿ ಆಯಿತು. ಬೇರೆಲ್ಲ ಕಡೆ ಕೆಂಪು ಅಂದರೆ ನಷ್ಟ. ಇಲ್ಲಿ ಕೆಂಪು ಬಂದರೆ ಖುಷಿ.

ಒಳ್ಳೆಯ ಉಪಾಯ, ಅದರಲ್ಲಿ ಅನುಮಾನವಿಲ್ಲ. ಪಾರ್ ಅನ್ನುವುದು ನೋಡುವವರಿಗೆ ಬಹಳ ದೊಡ್ಡ ಅನುಕೂಲ. ಪ್ರೆಸ್ಟ್‌ವಿಕ್‌ನಲ್ಲೂ ಅದನ್ನು ಹುಡುಕಿದ್ದು ನೋಡಿ ಬರೆಯುವವನೇ, ಟಿವಿಯಲ್ಲಿ ಅದಕ್ಕೆ ಬಣ್ಣ ಹಚ್ಚಿದ್ದು ನೋಡಿಸುವವನೇ. ಆದರೆ ನೋಡುವವರ ಅನುಕೂಲಕ್ಕೆ ಮಾಡಿದ್ದು ಆಡುವವರ ತಲೆಗೆ ಹೋಗಿ ಕೂತರೆ ಏನಾಗುತ್ತದೆ?

ಒಂದು ಅಂಕಿ ಬದಲಿಸಿದರೆ

ಅದಕ್ಕೆ ಮುಂಚೆ ಪೆಬಲ್ ಬೀಚ್‌ನ ಲೆಕ್ಕ ಒಂದು ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಆ ಕೋರ್ಸಿನಲ್ಲಿ 1992ರಲ್ಲಿ ಯುಎಸ್ ಓಪನ್ ನಡೆದಾಗ ಎರಡನೇ ಹೋಲ್ ಪಾರ್ 5 ಆಗಿತ್ತು, ಒಟ್ಟು ಪಾರ್ 72. 2000ದಲ್ಲಿ ಮತ್ತೆ ಅಲ್ಲಿಗೆ ಬಂದಾಗ ಅದೇ ಹೋಲನ್ನು ಪಾರ್ 4 ಮಾಡಿದರು, ಒಟ್ಟು 71 ಆಯಿತು. ಆ ವರ್ಷ ಟೈಗರ್ ವುಡ್ಸ್ 272 ಹೊಡೆದು, 15 ಹೊಡೆತಗಳ ಅಂತರದಿಂದ ಗೆದ್ದರು. ದಾಖಲೆಯಲ್ಲಿರುವುದು ಮೈನಸ್ 12. ಎರಡನೇ ಸ್ಥಾನದಲ್ಲಿದ್ದ ಎರ್ನಿ ಎಲ್ಸ್ ಮತ್ತು ಮಿಗೆಲ್ ಏಂಜೆಲ್ ಹಿಮೆನೆಜ್ ಪ್ಲಸ್ 3. ಪಾರ್ ಕೆಳಗೆ ಮುಗಿಸಿದವನು ಇಡೀ ಮೈದಾನದಲ್ಲಿ ಟೈಗರ್ ಒಬ್ಬನೇ ಅಂತ ಇವತ್ತಿಗೂ ಕಣ್ಣರಳಿಸಿ ಹೇಳುತ್ತಾರೆ. ಈಗ ಆ ಹೋಲನ್ನು ಮತ್ತೆ ಪಾರ್ 5 ಅಂತ ಇಟ್ಟುಕೊಳ್ಳಿ. ನಾಲ್ಕು ಸುತ್ತಿಗೆ ನಾಲ್ಕು ಹೊಡೆತ. ಟೈಗರ್ ಮೈನಸ್ 16, ಎಲ್ಸ್ ಮೈನಸ್ 1. ಯಾರೂ ಒಂದು ಹೊಡೆತ ಹೆಚ್ಚು ಹೊಡೆಯಲಿಲ್ಲ, ಕಡಿಮೆ ಹೊಡೆಯಲಿಲ್ಲ. ಅಂತರ ಅದೇ 15. ಆದರೆ ಪಾರ್ ಕೆಳಗೆ ಬಂದವನು ಒಬ್ಬನೇ ಅನ್ನುವ ಆ ಮಾತು ಮಾತ್ರ ಮಾಯ.

ಟೈಗರ್ ಆಟ ಅದ್ಭುತ ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಅದ್ಭುತ ಇರುವುದು ಆ 15ರಲ್ಲಿ. 12ರಲ್ಲಿ ಅಲ್ಲ.

‘ಎಷ್ಟನೆಯದು?’

ನಾನು ಆಟ ಕಲಿಯುತ್ತಿದ್ದಾಗ ಜೊತೆಗೆ ಆಡುತ್ತಿದ್ದ ಹಿರಿಯರೊಬ್ಬರಿದ್ದರು. ಮಾತು ಕಡಿಮೆ. ಉದ್ದ ಹೊಡೆಯುವ ಶಕ್ತಿ ಅವರಿಗೆ ಉಳಿದಿರಲಿಲ್ಲ, ಆದರೆ ಚೆಂಡು ನೇರ ಹೋಗುತ್ತಿತ್ತು. ಸ್ಕೋರ್‌ಕಾರ್ಡ್ ಕೈಗೆ ಬಂದ ಕೂಡಲೇ ಪಾರ್ ಬರೆದಿರುವ ಸಾಲು ಕಾಣದ ಹಾಗೆ ಮಡಚಿಬಿಡುತ್ತಿದ್ದರು. ಮೊದಮೊದಲು ಜೇಬಿಗೆ ಹಿಡಿಯಲಿ ಅಂತ ಮಡಚುತ್ತಾರೆ ಅಂದುಕೊಂಡಿದ್ದೆ. ಒಂದು ದಿನ ಪಾರ್ 4 ಹೋಲ್‌ನಲ್ಲಿ ಅಪರೂಪಕ್ಕೆ ನನ್ನ ಎರಡನೇ ಹೊಡೆತ ಗ್ರೀನ್ ಮೇಲೆ, ಗುಂಡಿಗೆ ಎಂಟು ಅಡಿ ಆಚೆ ಬಂದು ನಿಂತಿತು. ನಾನು ಆ ಕಡೆಯಿಂದ ನೋಡಿದೆ, ಈ ಕಡೆಯಿಂದ ನೋಡಿದೆ, ಕುಕ್ಕರುಗಾಲಲ್ಲಿ ಕೂತು ಇಳಿಜಾರು ನೋಡಿದೆ. ಟಿವಿಯಲ್ಲಿ ನೋಡಿದ್ದೆಲ್ಲ ಮಾಡಿದೆ. ಅವರು ಸುಮ್ನೆ ನಿಂತಿದ್ದವರು ಕೇಳಿದರು, ‘ಏನದು?’

‘ಬರ್ಡಿ ಪಟ್, ಸರ್.’

‘ಅದಲ್ಲ. ಎಷ್ಟನೆಯದು?’

‘ಮೂರನೆಯದು.’

‘ಹಾಗಾದರೆ ಮೂರನೆಯದನ್ನ ಹೊಡಿ.’

ಹೊಡೆದೆ. ಚೆಂಡು ಗುಂಡಿಯ ಅಂಚು ಸವರಿಕೊಂಡು ಒಂದು ಸುತ್ತು ತಿರುಗಿ ಆಚೆ ಹೋಯಿತು. ಅದಕ್ಕೂ ಒಂದು ಹೆಸರಿದೆ, ಲಿಪ್ ಔಟ್. ‘ಈಗ ನಾಲ್ಕನೆಯದು’ ಅಂದರು ಅವರು, ಅದೇ ದನಿಯಲ್ಲಿ.

ಆಗ ಇದು ಹಿರಿಯರ ಒಂದು ಖಯಾಲಿ ಅನ್ನಿಸಿತ್ತು. ಆಮೇಲೆ ಡೆವಿನ್ ಪೋಪ್ ಮತ್ತು ಮಾರಿಸ್ ಶ್ವೈಟ್ಜರ್ ಎಂಬ ಇಬ್ಬರು ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಓದಿದೆ. ಅಮೆರಿಕದ ವೃತ್ತಿಪರ ಟೂರ್‌ನ 25 ಲಕ್ಷಕ್ಕೂ ಹೆಚ್ಚು ಪಟ್‌ಗಳನ್ನು ಅವರು ಜಾಲಾಡಿದ್ದರು. ಚೆಂಡು ಗುಂಡಿಯಿಂದ ಎಷ್ಟು ದೂರ ಇತ್ತು ಅನ್ನುವ ಅಳತೆ ಪ್ರತಿಯೊಂದಕ್ಕೂ ಇತ್ತು. ದೂರ, ಜಾಗ ಇದೆಲ್ಲ ಒಂದೇ ಥರ ಇದ್ದಾಗ ಬರ್ಡಿಗಾಗಿ ಹೊಡೆದ ಪಟ್, ಪಾರ್‌ಗಾಗಿ ಹೊಡೆದ ಪಟ್‌ಗಿಂತ ಕಡಿಮೆ ಸಲ ಬೀಳುತ್ತದೆ. ನೂರಕ್ಕೆ ಸುಮಾರು ಎರಡರಷ್ಟು ವ್ಯತ್ಯಾಸ. ಪ್ರಪಂಚದ ದೊಡ್ಡ ದೊಡ್ಡ ಆಟಗಾರರಲ್ಲೂ ಇದೇ ಕಥೆ. ಅವರು ಕೊಟ್ಟ ಕಾರಣ ಹೀಗೆ: ಪಾರ್ ಪಟ್ ತಪ್ಪಿದರೆ ಬೋಗಿ, ಅದು ಕಳೆದುಕೊಂಡ ಹಾಗೆ. ಬರ್ಡಿ ಪಟ್ ತಪ್ಪಿದರೆ ಪಾರ್ ಇದ್ದೇ ಇದೆ, ಸಿಗಬೇಕಾದದ್ದು ಸಿಗಲಿಲ್ಲ, ಅಷ್ಟೆ. ಕಳೆದುಕೊಳ್ಳುವ ಭಯ ಇದ್ದಾಗ ಮನುಷ್ಯ ಹೆಚ್ಚು ಗಮನ ಕೊಡುತ್ತಾನೆ. ಬರ್ಡಿ ಪಟ್‌ನಲ್ಲಿ ಕೈ ಹಿಡಿತವಾಗಿ ಆಡುತ್ತದೆ, ಚೆಂಡು ಗುಂಡಿ ದಾಟಿ ಜಾಸ್ತಿ ದೂರ ಹೋಗದಿರಲಿ ಅಂತ. ಕೊನೆಯ ಲೆಕ್ಕದಲ್ಲಿ ಎರಡೂ ಒಂದೊಂದೇ ಹೊಡೆತ. ಹೆಸರು ಮಾತ್ರ ಬೇರೆ. ಆ ಹೆಸರು ಕೈಗೆ ಇಳಿಯುತ್ತದೆ.

ಕಾರ್ಡು ಮಡಚುವವರಿಗೆ ಇದು ಯಾರೂ ಹೇಳದೆ ಗೊತ್ತಿತ್ತು.

ನನಗೆ ಇಷ್ಟದ ಮಾತುಗಳು

ಪಾರ್ ಜೊತೆ ಸಂಬಂಧವೇ ಇಲ್ಲದ ಮಾತುಗಳೂ ಗಾಲ್ಫ್‌ನಲ್ಲಿ ರಾಶಿ ಇವೆ. ನಿಜ ಹೇಳಬೇಕೆಂದರೆ ನನಗೆ ಅವೇ ಹೆಚ್ಚು ಇಷ್ಟ. ಅವು ಯಾರ ನಿರೀಕ್ಷೆಯನ್ನೂ ಹೇಳುವುದಿಲ್ಲ, ಆದದ್ದನ್ನು ಹೇಳುತ್ತವೆ. ಬಲಗೈ ಆಟಗಾರ ಹೊಡೆದ ಚೆಂಡು ಗಾಳಿಯಲ್ಲಿ ಬಲಕ್ಕೆ ಜೋರಾಗಿ ತಿರುಗಿದರೆ ಸ್ಲೈಸ್, ಎಡಕ್ಕೆ ತಿರುಗಿದರೆ ಹುಕ್. ಅದೇ ತಿರುವು ಹದವಾಗಿ, ಬೇಕೆಂದೇ ಬಂದರೆ ಬಲಕ್ಕೆ ಫೇಡ್, ಎಡಕ್ಕೆ ಡ್ರಾ. ಚೆಂಡಿಗೆ ಬದಲು ಹಿಂದಿನ ನೆಲಕ್ಕೆ ಬಿದ್ದರೆ ಫ್ಯಾಟ್, ಕೆಳಗೆ ತಾಗುವ ಬದಲು ಚೆಂಡಿನ ನಡುಮಟ್ಟಕ್ಕೆ ತಾಗಿದರೆ ಥಿನ್. ಕ್ಲಬ್ಬಿನ, ಅಂದರೆ ಹೊಡೆಯುವ ಕೋಲಿನ, ಮುಖಕ್ಕೆ ಬದಲು ಅದು ಕಡ್ಡಿಗೆ ಸೇರುವ ಜಾಗಕ್ಕೆ ತಾಗಿ ಚೆಂಡು ಅಡ್ಡಡ್ಡ ಹಾರಿದರೆ ಶ್ಯಾಂಕ್. ಈ ಕೊನೆಯದನ್ನು ಎಷ್ಟೋ ಆಟಗಾರರು ಬಾಯಿಬಿಟ್ಟು ಹೇಳುವುದೂ ಇಲ್ಲ, ಹೇಳಿದರೆ ಅಂಟಿಕೊಳ್ಳುತ್ತದಂತೆ. ಪಟ್ ಮಾಡುವಾಗ ಕಾರಣವಿಲ್ಲದೆ ಕೈ ಅದುರುವುದಕ್ಕೆ ಯಿಪ್ಸ್ ಅಂತಾರೆ. ಮಾಸ್ಟರ್ಸ್ ಎರಡು ಸಲ ಗೆದ್ದ ಬರ್ನ್‌ಹಾರ್ಡ್ ಲ್ಯಾಂಗರ್ ಅಂಥವರೂ ಅದರ ಜೊತೆ ವರ್ಷಗಟ್ಟಲೆ ಗುದ್ದಾಡಿದವರೇ.

ಚೆಂಡು ಯಾರ ಕಡೆಗಾದರೂ ಹೋಗುತ್ತಿದ್ದರೆ ‘ಫೋರ್’ ಅಂತ ಕೂಗಬೇಕು. ಇದು ನಾಲ್ಕು ಅಲ್ಲ, ಮುಂದಿರುವವರಿಗೆ ಕೊಡುವ ಎಚ್ಚರಿಕೆ. ಗಾಲ್ಫ್‌ನ ಒಂದೇ ಒಂದು ಮಾತು ಗೊತ್ತಿರಬೇಕು ಅಂದರೆ ಇದೇ ಗೊತ್ತಿರಲಿ. ಕೇಳಿದ ಕೂಡಲೇ ಎತ್ತಲಿಂದ ಬಂತು ಅಂತ ತಿರುಗಿ ನೋಡಬೇಡಿ, ತಲೆ ಮುಚ್ಚಿಕೊಂಡು ಬಗ್ಗಿ.

ನಿಮ್ಮದೇ ಒಂದು ಪಾರ್

ಆಟಗಾರನ ಮಟ್ಟ ನೋಡಿ ಅವನ ಲೆಕ್ಕದಲ್ಲಿ ಇಷ್ಟು ಹೊಡೆತ ಕಳೆಯಬಹುದು ಅಂತ ಹೇಳುವ ಅಂಕಿ ಹ್ಯಾಂಡಿಕ್ಯಾಪ್. ಅದನ್ನು ಬಹಳ ಜನ ‘ನಾನು ಸರಾಸರಿ ಎಷ್ಟು ಆಡುತ್ತೇನೆ’ ಅಂತ ತಿಳಿದುಕೊಂಡಿದ್ದಾರೆ. ಹಾಗಲ್ಲ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ನಿಮ್ಮ ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮ 8ನ್ನು ಮಾತ್ರ ತೆಗೆದುಕೊಂಡು ಸರಾಸರಿ ಹಾಕುತ್ತಾರೆ. ಉಳಿದ 12ನ್ನು ನೋಡುವುದೇ ಇಲ್ಲ. ಕೋರ್ಸು ಎಷ್ಟು ಕಷ್ಟ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂದರೆ ಅದು ನಿಮ್ಮ ಒಳ್ಳೆಯ ದಿನದ ಅಳತೆ. ಹಾಗಾಗಿ ಪ್ರಾಮಾಣಿಕ ಆಟಗಾರ ಹೆಚ್ಚಿನ ದಿನ ತನ್ನ ಹ್ಯಾಂಡಿಕ್ಯಾಪ್‌ಗಿಂತ ಕೆಟ್ಟದಾಗಿಯೇ ಆಡುತ್ತಾನೆ. ‘ನನ್ನ ಹ್ಯಾಂಡಿಕ್ಯಾಪ್ 18, ಆದರೆ ಯಾಕೋ ಆ ಲೆಕ್ಕಕ್ಕೆ ಆಡಕ್ಕೇ ಆಗ್ತಿಲ್ಲ’ ಅಂತ ಕೊರಗುವವರಿಗೆ ಇದನ್ನು ಹೇಳಿದರೆ ಒಂದೋ ಸಮಾಧಾನ ಆಗುತ್ತದೆ, ಇಲ್ಲ ಇನ್ನೂ ಬೇಜಾರಾಗುತ್ತದೆ. ಗರಿಷ್ಠ ಮಿತಿ 54. ಸೊನ್ನೆ ಇರುವವರನ್ನು ಸ್ಕ್ರ್ಯಾಚ್ ಆಟಗಾರ ಅನ್ನುತ್ತಾರೆ.

ಪಂದ್ಯ ಗೆಲ್ಲಬೇಕೆಂದೇ ಹ್ಯಾಂಡಿಕ್ಯಾಪ್ ಏರಿಸಿಟ್ಟುಕೊಳ್ಳುವವನಿಗೂ ಹೆಸರಿದೆ, ಸ್ಯಾಂಡ್‌ಬ್ಯಾಗರ್. ಸಾಮಾನ್ಯ ಸುತ್ತಿನಲ್ಲಿ ಬೇಕೆಂದೇ ಕೆಟ್ಟದಾಗಿ ಆಡಿ, ಬಹುಮಾನದ ದಿನ ‘ಇವತ್ತು ಏನೋ ಚೆನ್ನಾಗಿ ಬಂತು’ ಅನ್ನುವವನು. ಚೆಂಡನ್ನು ಕಾಲಲ್ಲಿ ತಳ್ಳಿದವನನ್ನಾದರೂ ಕ್ಷಮಿಸುತ್ತಾರೆ, ಇವನನ್ನು ಕ್ಷಮಿಸುವುದಿಲ್ಲ. ಯಾಕೆಂದರೆ ಅವನು ಸುಳ್ಳು ಹೇಳುತ್ತಿರುವುದು ಒಂದು ಹೊಡೆತದ ಬಗ್ಗೆ ಅಲ್ಲ, ತನ್ನಿಂದ ಎಷ್ಟು ನಿರೀಕ್ಷಿಸಬಹುದು ಅನ್ನುವುದರ ಬಗ್ಗೆ.

ಕೊಟ್ಟ ಹೊಡೆತ, ತಾಗದ ಹೊಡೆತ

ಮ್ಯಾಚ್ ಪ್ಲೇಗೆ ಬಂದರೆ ಪಾರ್ ಅರ್ಧ ಸತ್ತ ಹಾಗೆ. ಅಲ್ಲಿ ಎದುರಾಳಿಗಿಂತ ಕಡಿಮೆ ಹೊಡೆದರೆ ಆ ಹೋಲ್ ನಿಮ್ಮದು. ಅವನು ಏಳು, ನೀವು ಆರು ಆದರೂ ಸರಿ. ಫಲಿತಾಂಶ ಹೇಳುವ ರೀತಿಯೂ ಬೇರೆ. ‘ತ್ರೀ ಅಂಡ್ ಟೂ’ ಅಂದರೆ ಮೂರು ಹೋಲ್ ಮುಂದಿದ್ದಾಗ ಆಡಲು ಉಳಿದದ್ದು ಎರಡೇ, ಆಟ ಮುಗಿಯಿತು ಅಂತ. ಮುಂದಿರುವಷ್ಟೇ ಹೋಲ್‌ಗಳು ಉಳಿದಿದ್ದರೆ ಅದು ಡಾರ್ಮಿ. ಉಳಿದದ್ದರಲ್ಲಿ ಒಂದನ್ನು ಸಮ ಮಾಡಿಕೊಂಡರೂ ಮುಂದಿರುವವನು ಗೆದ್ದ ಹಾಗೆ. ಗುಂಡಿಗೆ ತೀರಾ ಹತ್ತಿರ ಇರುವ ಎದುರಾಳಿಯ ಚೆಂಡನ್ನು ‘ಎತ್ತಿಕೋ’ ಅಂತ ಬಿಟ್ಟುಕೊಡಬಹುದು. ಅದು ಗಿಮ್ಮಿ. 1969ರಲ್ಲಿ ರಾಯಲ್ ಬರ್ಕ್‌ಡೇಲ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್ ತಂಡಗಳ ನಡುವೆ ನಡೆದ ರೈಡರ್ ಕಪ್‌ನ ಕೊನೆಯ ಹೋಲ್‌ನಲ್ಲಿ ಅಮೆರಿಕದ ಜ್ಯಾಕ್ ನಿಕ್ಲಾಸ್, ಬ್ರಿಟನ್ನಿನ ಟೋನಿ ಜಾಕ್ಲಿನ್‌ಗೆ ಎರಡು ಮೂರು ಅಡಿಯ ಪಟ್ ಬಿಟ್ಟುಕೊಟ್ಟರು. ಕಪ್ 16–16ರಲ್ಲಿ ಸಮವಾಯಿತು. ನಿಕ್ಲಾಸ್ ತಂಡದ ನಾಯಕ ಸ್ಯಾಮ್ ಸ್ನೀಡ್‌ಗೆ ಇದು ಹಿಡಿಸಲಿಲ್ಲ.

ಸ್ಟ್ರೋಕ್ ಪ್ಲೇಯಲ್ಲಿ ಗಿಮ್ಮಿ ಇಲ್ಲ. ಚೆಂಡು ಗುಂಡಿಗೆ ಬೀಳಲೇಬೇಕು. ಅದೇ ರಾಯಲ್ ಬರ್ಕ್‌ಡೇಲ್, 1983ರ ಓಪನ್, ಮೂರನೇ ಸುತ್ತು. ಹೇಲ್ ಅರ್ವಿನ್‌ನ ಚೆಂಡು ಗುಂಡಿಯಿಂದ ಕೆಲವೇ ಇಂಚು ಆಚೆ ನಿಂತಿತ್ತು. ಪಟ್ ಮಾಡುವ ಕ್ಲಬ್ಬಾದ ಪಟರ್‌ನ ಹಿಂಬದಿಯಿಂದ ಸುಮ್ನೆ ತಳ್ಳಲು ಹೋದರು. ಪಟರ್ ಚೆಂಡಿಗೆ ತಾಗಲೇ ಇಲ್ಲ. ಚೆಂಡು ಕದಲದಿದ್ದರೂ ಹೊಡೆತ ಲೆಕ್ಕಕ್ಕೆ ಬಂತು. ಯಾಕೆಂದರೆ ನಿಯಮದ ಪ್ರಕಾರ ಚೆಂಡನ್ನು ಹೊಡೆಯಬೇಕೆಂದು ಕ್ಲಬ್ಬನ್ನು ಮುಂದಕ್ಕೆ ಬೀಸಿದರೆ ಸಾಕು, ಅದು ಸ್ಟ್ರೋಕ್. ತಾಗಬೇಕೆಂದೇನೂ ಇಲ್ಲ. ಮರುದಿನ ಟಾಮ್ ವಾಟ್ಸನ್ ಗೆದ್ದರು. ಅರ್ವಿನ್ ಸೋತದ್ದು ಒಂದೇ ಹೊಡೆತದಿಂದ. 1935ರ ಮಾಸ್ಟರ್ಸ್‌ನಲ್ಲಿ ಜೀನ್ ಸಾರಾಜೆನ್ ಹದಿನೈದನೇ ಹೋಲ್‌ನಲ್ಲಿ 235 ಗಜದಿಂದ ಹೊಡೆದು ನೇರ ಗುಂಡಿಗೆ ಹಾಕಿದರಲ್ಲ, ಆ ಆಲ್ಬಟ್ರಾಸ್‌ನ ಕೊನೆಯ ಹೊಡೆತವೂ ಒಂದೇ. ಅರ್ವಿನ್ ಗಾಳಿಗೆ ಬೀಸಿದ್ದೂ ಒಂದೇ.

ಬೆಲೆ ಬದಲಿಸಿ ನೋಡಿ

ಈ ಹೆಸರುಗಳನ್ನೇ ನೇರವಾಗಿ ಅಂಕ ಮಾಡಿದರೆ ಹೇಗೆ ಅಂತ ಯೋಚಿಸಿದವರೂ ಇದ್ದಾರೆ. ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫೋರ್ಡ್ ಅವರ ಪದ್ಧತಿಯಲ್ಲಿ ಹ್ಯಾಂಡಿಕ್ಯಾಪ್ ಕಳೆದ ಮೇಲೆ ಪಾರ್‌ಗೆ 2 ಅಂಕ, ಬರ್ಡಿಗೆ 3, ಬೋಗಿಗೆ 1, ಡಬಲ್ ಬೋಗಿ ಅಥವಾ ಅದಕ್ಕಿಂತ ಕೆಟ್ಟದ್ದಕ್ಕೆ ಸೊನ್ನೆ. ಈ ರೀತಿಯ ಮೊದಲ ಸ್ಪರ್ಧೆ 1932ರಲ್ಲಿ ಇಂಗ್ಲೆಂಡಿನ ವಾಲಸಿಯಲ್ಲಿ ನಡೆಯಿತು. ನಮ್ಮಂಥವರಿಗೆ ಇದು ದೊಡ್ಡ ಉಪಕಾರ. ಸೊನ್ನೆಗಿಂತ ಕೆಳಗೆ ಏನೂ ಇಲ್ಲವಾದ್ದರಿಂದ ಪಾರ್ 4ರಲ್ಲಿ ಹ್ಯಾಂಡಿಕ್ಯಾಪ್ ಕಳೆದ ಮೇಲೆ ಆರೂ ಒಂದೇ, ಹತ್ತೂ ಒಂದೇ. ಚೆಂಡು ಎತ್ತಿಕೊಂಡು ಮುಂದಿನ ಹೋಲ್‌ಗೆ ನಡೆದರಾಯಿತು. ಹಿಂದೆ ಕಾಯುತ್ತಿರುವವರೂ ಹರಸುತ್ತಾರೆ.

ವೃತ್ತಿಪರರಿಗೆ ಇದನ್ನೇ ಸ್ವಲ್ಪ ಬದಲಿಸಿ ಆಡಿಸಿದ್ದಾರೆ. ಕೊಲೊರಾಡೊದಲ್ಲಿ 1986ರಿಂದ 2006ರವರೆಗೆ ನಡೆದ ‘ದಿ ಇಂಟರ್‌ನ್ಯಾಷನಲ್’ ಟೂರ್ನಿಯಲ್ಲಿ ಬಳಸಿದ ಲೆಕ್ಕ ಹೀಗಿತ್ತು: ಆಲ್ಬಟ್ರಾಸ್‌ಗೆ 8, ಈಗಲ್‌ಗೆ 5, ಬರ್ಡಿಗೆ 2, ಪಾರ್‌ಗೆ ಸೊನ್ನೆ, ಬೋಗಿಗೆ ಮೈನಸ್ 1, ಡಬಲ್ ಬೋಗಿ ಮತ್ತು ಅದರಾಚೆಗೆ ಮೈನಸ್ 3. ಬರ್ಡಿಯ ಲಾಭ ಬೋಗಿಯ ನಷ್ಟಕ್ಕಿಂತ ಎರಡರಷ್ಟು. ಆಗ ನೀರಿನಾಚೆಯ ಗ್ರೀನ್‌ಗೆ ನೇರ ಹೊಡೆಯುವುದೇ ಜಾಣತನ ಆಗುತ್ತದೆ. ಸಾಧಾರಣ ಪಂದ್ಯದಲ್ಲಿ ಅದೇ ಜಾಗದಲ್ಲಿ ಮೆಲ್ಲಗೆ ಮುಂದೆ ಇಟ್ಟುಕೊಳ್ಳುತ್ತಿದ್ದವನು, ಅಂದರೆ ಲೇ ಅಪ್ ಮಾಡುತ್ತಿದ್ದವನು, ಇಲ್ಲಿ ದೊಡ್ಡ ಕ್ಲಬ್ ಕೈಗೆತ್ತಿಕೊಳ್ಳುತ್ತಾನೆ.

ನಾನು ಕಾಗದದ ಮೇಲೆ ಒಂದು ಲೆಕ್ಕ ಹಾಕಿದೆ. ಒಬ್ಬ ಐದು ಬರ್ಡಿ, ಐದು ಬೋಗಿ ಹೊಡೆಯುತ್ತಾನೆ, ಉಳಿದದ್ದೆಲ್ಲ ಪಾರ್. ಹತ್ತರಲ್ಲಿ ಐದು ಕಳೆದು ಅವನಿಗೆ 5 ಅಂಕ. ಇನ್ನೊಬ್ಬ ಎರಡು ಬರ್ಡಿ, ಹದಿನಾರು ಪಾರ್. ಒಂದೂ ಬೋಗಿ ಇಲ್ಲ. ಅವನಿಗೆ 4 ಅಂಕ. ಮೊದಲನೆಯವನು ಗೆದ್ದ. ಹೊಡೆತ ಎಣಿಸಿದರೆ ಅವನು ಎರಡು ಹೆಚ್ಚೇ ಹೊಡೆದಿದ್ದಾನೆ. ಕಾರ್ಡು ಮಡಚುವ ಹಿರಿಯರಿಗೆ ಇದನ್ನು ತೋರಿಸಿದೆ. ‘ಇದು ಗಾಲ್ಫ್ ಅಲ್ಲಪ್ಪಾ’ ಅಂದರು. ನಾನು ಒಪ್ಪಲಿಲ್ಲ. ಇಷ್ಟು ವರ್ಷ ಬಾಯಲ್ಲಿ ಬರ್ಡಿ ಬೋಗಿ ಅನ್ನುತ್ತಾ ಕೊನೆಗೆ ಹೊಡೆತ ಎಣಿಸುತ್ತಿದ್ದರು. ಆ ಟೂರ್ನಿಯವರು ಬಾಯಲ್ಲಿ ಹೇಳಿದ್ದನ್ನೇ ಎಣಿಸಿದ್ದಾರೆ. ನೋಡಲಂತೂ ಇದೇ ಜಾಸ್ತಿ ಮಜಾ.